ಮಕ್ಕಳ ಮನಸ್ಸು, ಮನೆಯ ಮನಸ್ಸು: ಮುಂಬಯಿಯ ಕನ್ನಡ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಿಂದ ದಹಿಸರ್‌ವರೆಗೆ ಹರಡಿರುವ ಕನ್ನಡ, ತುಳು, ಕೊಂಕಣಿ ಮನೆಗಳವರು ಮಕ್ಕಳನ್ನು ಆಪ್ತಸಲಹೆಗೆ ಕರೆತಂದಾಗ ಕೇಳುವ ಪ್ರಶ್ನೆಗಳು ಇವು. ಕೆಲವನ್ನು ಎದುರು ಕುಳಿತು ಕೇಳುತ್ತಾರೆ. ಕೆಲವನ್ನು ಚಪ್ಪಲಿ ಹಾಕಿಕೊಳ್ಳುವಾಗ, ಮಗು ಲಿಫ್ಟಿನ ಕಡೆ ಓಡಿದ ಮೇಲೆ, ದನಿ ತಗ್ಗಿಸಿ ಕೇಳುತ್ತಾರೆ. ಈ ಎರಡನೆಯ ಬಗೆಯವಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಇವು ವೈದ್ಯರ ತಪಾಸಣೆಗೆ ಬದಲಿಯಲ್ಲ. ಜೀವಕ್ಕೆ ಅಪಾಯವಿದೆ ಎನ್ನಿಸಿದರೆ ಓದುತ್ತ ಕೂರಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ.

ಇದು ವಯಸ್ಸಿಗೆ ಸಹಜವೋ, ಸಹಾಯ ಬೇಕಾದ ತೊಂದರೆಯೋ ಎಂದು ಗೊತ್ತಾಗುವುದು ಹೇಗೆ?

ಮೂರು ಸಂಗತಿ ನೋಡಿ. ಬದಲಾವಣೆ ಎಷ್ಟು ದಿನದಿಂದ ಇದೆ? ಎಷ್ಟು ಕಡೆ ಕಾಣುತ್ತಿದೆ, ಮನೆಯಲ್ಲಿ ಮಾತ್ರವೋ, ಶಾಲೆಯಲ್ಲೂ, ಆಟದಲ್ಲೂ ಕಾಣುತ್ತಿದೆಯೋ? ಮಗು ಮೊದಲು ಮಾಡುತ್ತಿದ್ದ ಯಾವುದನ್ನು ಬಿಟ್ಟಿದೆ? ಹದಿಮೂರರ ಹುಡುಗಿ ಬಾಗಿಲು ಹಾಕಿಕೊಳ್ಳುವುದು ಸಹಜ. ಅದೇ ಹುಡುಗಿ ಎರಡು ವಾರದಿಂದ ಸರಿಯಾಗಿ ಊಟ ಮಾಡದೆ, ಗೆಳತಿಯರ ಫೋನ್ ಎತ್ತದೆ, ಇಷ್ಟದ ನೃತ್ಯ ತರಗತಿಗೂ ಹೋಗದೆ ಇದ್ದರೆ ಕಾಯಬೇಡಿ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಬೆಂಗಳೂರಿನ ನಿಮ್ಹಾನ್ಸ್ ನಡೆಸಿತು. 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಅದರಲ್ಲಿ ಕಂಡುಬಂತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ 13.5. ನಿಮ್ಮ ಮಗನ ತರಗತಿಯಲ್ಲಿ ಅವನೊಬ್ಬನೇ ಹೀಗಿರುವ ಸಾಧ್ಯತೆ ತೀರ ಕಡಿಮೆ.

ಪ್ರತಿದಿನ ಬೆಳಗ್ಗೆ ಹೊಟ್ಟೆನೋವು ಎನ್ನುತ್ತಾನೆ. ಎಲ್ಲ ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ. ನಾಟಕ ಮಾಡುತ್ತಿದ್ದಾನೆಯೇ?

ನೋವು ನಿಜವಾದದ್ದು. ಆತಂಕವಾದಾಗ ಕರುಳು ಹಿಂಡುವುದು, ವಾಕರಿಕೆ ಬರುವುದು, ತಲೆ ಸಿಡಿಯುವುದು ದೊಡ್ಡವರಿಗೂ ಇದೆ. ಮಗುವಿಗೆ ಅದನ್ನು ಭಯ ಎಂದು ಗುರುತಿಸಲು ಬರುವುದಿಲ್ಲ, ಅಷ್ಟೇ. ಶಾಲೆಯ ಬಸ್ ಹೊರಟುಹೋದ ಮೇಲೆ ನೋವು ಇಳಿಯುತ್ತದೆಯೇ, ಭಾನುವಾರ ಇರುವುದಿಲ್ಲವೇ, ಮೇ ರಜೆಯಲ್ಲಿ ಮಾಯವಾಗಿತ್ತೇ ಎಂದು ಒಂದು ವಹಿಯಲ್ಲಿ ಬರೆದಿಡಿ. ಆ ವಹಿ ನಮಗೆ ಸ್ಕ್ಯಾನ್ ವರದಿಗಿಂತ ಹೆಚ್ಚು ಹೇಳುತ್ತದೆ. ಹಾಗೆಂದು ಶಿಶುವೈದ್ಯರ ತಪಾಸಣೆಯನ್ನು ಬಿಡಬೇಡಿ; ಅದು ಮೊದಲು ಆಗಲೇಬೇಕು.

ಆಮೇಲೆ ಮನೆಯಲ್ಲೇ ಇರಿಸಿಕೊಂಡರೆ ಭಯ ಬೆಳೆಯುತ್ತದೆ, ದಿನ ಕಳೆದಷ್ಟೂ ಶಾಲೆಯ ಗೇಟು ದೂರವಾಗುತ್ತದೆ. ಬೈದು ಎಳೆದುಕೊಂಡು ಹೋದರೂ ಬೆಳೆಯುತ್ತದೆ. ಶಾಲೆಯವರೊಂದಿಗೆ ಮಾತಾಡಿ ಮೊದಲು ಎರಡು ಪೀರಿಯಡ್, ಆಮೇಲೆ ಅರ್ಧ ದಿನ ಎಂದು ಹಂತಹಂತವಾಗಿ ಮರಳಿಸುವುದು ಸಾಮಾನ್ಯವಾಗಿ ಫಲ ಕೊಡುವ ದಾರಿ. ಯಾರಾದರೂ ಹೊಡೆಯುತ್ತಿದ್ದಾರೆಯೇ, ಹೀಯಾಳಿಸುತ್ತಿದ್ದಾರೆಯೇ, ಮುಟ್ಟಬಾರದ ಕಡೆ ಮುಟ್ಟುತ್ತಿದ್ದಾರೆಯೇ ಎಂಬುದನ್ನೂ ಮೊದಲೇ ವಿಚಾರಿಸಿ. ಭಯಕ್ಕೆ ತಕ್ಕ ಕಾರಣ ಶಾಲೆಯೊಳಗೇ ಇದ್ದರೆ ಮಗುವಿಗೆ ಧೈರ್ಯ ಹೇಳುತ್ತ ಕೂರುವುದು ಅನ್ಯಾಯ.

ನಾವು ಇದಕ್ಕಿಂತ ಎಷ್ಟೋ ಕಷ್ಟದಲ್ಲಿ ಬೆಳೆದವರು. ಇವರಿಗೆ ಏನು ಕಡಿಮೆಯಾಗಿದೆ?

ಇದನ್ನು ಹೆಚ್ಚಾಗಿ ಅಪ್ಪಂದಿರು, ಅಜ್ಜಂದಿರು ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಅಂಗಡಿಯ ಅಟ್ಟದ ಮೇಲೆ ಮಲಗಿ ಮೇಲೆ ಬಂದ ತಲೆಮಾರು ಅದು. ಆ ಕಷ್ಟವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅವರ ಜತೆ ಬಂದವರಲ್ಲಿ ಎಲ್ಲರೂ ಮೇಲೆ ಬರಲಿಲ್ಲ. ಕುಡಿತಕ್ಕೆ ಬಿದ್ದವರಿದ್ದಾರೆ, ಊರಿಗೆ ಕಾಗದ ಹಾಕದೆ ಕಾಣೆಯಾದವರಿದ್ದಾರೆ, ಮನೆಯವರ ಮೇಲೆ ಕೈ ಎತ್ತುತ್ತಲೇ ಬದುಕು ಮುಗಿಸಿದವರಿದ್ದಾರೆ. ಅವರ ಕಥೆಯನ್ನು ನಾವು ಸಂಘದ ವಾರ್ಷಿಕೋತ್ಸವದಲ್ಲಿ ಹೇಳುವುದಿಲ್ಲ.

ಇನ್ನೊಂದು ಸಂಗತಿ. ಆ ಹುಡುಗರಿಗೆ ಇಲ್ಲದ್ದು ಬಹಳ ಇತ್ತು, ಆದರೆ ಜನ ಇದ್ದರು: ಒಂದೇ ಊರಿನ ಹತ್ತು ಮಂದಿ ಒಂದೇ ಖೋಲಿಯಲ್ಲಿ. ಇಂದು ಹದಿನಾಲ್ಕನೇ ಮಹಡಿಯಲ್ಲಿ ಕೀಲಿಕೈ ಕೊರಳಿಗೆ ಹಾಕಿಕೊಂಡು ಒಬ್ಬನೇ ಬಾಗಿಲು ತೆರೆದು, ಮೈಕ್ರೊವೇವ್‌ನಲ್ಲಿ ಊಟ ಬಿಸಿಮಾಡಿಕೊಂಡು, ಟ್ಯೂಷನ್ನಿಗೆ ಹೋಗಿ ಬರುವ ಹುಡುಗನ ಕಷ್ಟ ಬೇರೆ ಬಗೆಯದು. ಎರಡನ್ನು ತಕ್ಕಡಿಯಲ್ಲಿ ಇಟ್ಟರೆ ಯಾರಿಗೂ ಲಾಭವಿಲ್ಲ.

ಯಾರ ಬಳಿ ಹೋಗಬೇಕು? ಬೋರ್ಡುಗಳಲ್ಲಿ ಹತ್ತು ಹೆಸರು ಕಾಣುತ್ತವೆ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಹೆಚ್ಚಿನ ಓದು ಮಾಡಿದವರು. ಮಾತ್ರೆ ಬರೆಯುವವರು ಅವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಪರೀಕ್ಷೆಗಳನ್ನು ನಡೆಸುತ್ತಾರೆ, ಥೆರಪಿ ಕೊಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರ ಬಳಿ ಮಗುವನ್ನು ಬಿಡಬೇಡಿ. ಆಪ್ತಸಲಹೆಗಾರರು ಸಾಮಾನ್ಯವಾಗಿ ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯದಲ್ಲಿ ಎಂ.ಎ. ಮಾಡಿರುತ್ತಾರೆ. ಎಲ್ಲಿ ಓದಿದಿರಿ, ಮಕ್ಕಳೊಂದಿಗೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ, ನಿಮ್ಮ ಕೆಲಸವನ್ನು ಹಿರಿಯರು ಯಾರಾದರೂ ಪರಿಶೀಲಿಸುತ್ತಾರೆಯೇ ಎಂದು ಅವರನ್ನು ಕೇಳಬಹುದು.

ವಾರಾಂತ್ಯದ ಕೋರ್ಸು ಮುಗಿಸಿ 'ಲೈಫ್ ಕೋಚ್' ಎಂದು ಹೆಸರು ಹಾಕಿಕೊಂಡವರು ಇನ್‌ಸ್ಟಾಗ್ರಾಂನಲ್ಲಿ ಬೇಕಾದಷ್ಟಿದ್ದಾರೆ. ಅವರ ಬಗ್ಗೆ ನನ್ನ ಅಭಿಪ್ರಾಯ ಕೇಳದಿರುವುದೇ ಒಳ್ಳೆಯದು.

ಮೊದಲ ಸಲ ಏನೆಂದು ಹೇಳಿ ಕರೆತರಬೇಕು?

ಸುಳ್ಳು ಹೇಳಬೇಡಿ. 'ಐಸ್‌ಕ್ರೀಮ್ ಕೊಡಿಸುತ್ತೇನೆ', 'ಆಂಟಿಯ ಮನೆಗೆ ಹೋಗೋಣ' ಎಂದು ತಂದ ಮಗು ಬಾಗಿಲಲ್ಲೇ ನಮ್ಮನ್ನೂ ಸುಳ್ಳುಗಾರರ ಪಟ್ಟಿಗೆ ಸೇರಿಸುತ್ತದೆ. 'ನೀನು ಸರಿಯಿಲ್ಲ, ಸರಿಮಾಡುತ್ತಾರೆ' ಎಂಬುದು ಇನ್ನೂ ಕೆಟ್ಟದು. 'ಈಚೆಗೆ ನಿನಗೆ ರಾತ್ರಿ ನಿದ್ದೆ ಬರುತ್ತಿಲ್ಲ, ನಮಗೂ ಏನು ಮಾಡಬೇಕೆಂದು ತಿಳಿಯುತ್ತಿಲ್ಲ, ಇಂಥದ್ದರ ಬಗ್ಗೆ ಗೊತ್ತಿರುವವರ ಜತೆ ಮಾತಾಡೋಣ, ಚುಚ್ಚುಮದ್ದು ಇರುವುದಿಲ್ಲ' ಎಂದರೆ ಸಾಕು. ಚುಚ್ಚುಮದ್ದಿನ ಮಾತನ್ನು ಮರೆಯಬೇಡಿ.

ಭೇಟಿ ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮೊದಲ ಒಂದೆರಡು ಭೇಟಿ ಬಹುತೇಕ ವಿಚಾರಣೆಗೇ ಹೋಗುತ್ತದೆ: ಹೆರಿಗೆ ಹೇಗಾಯಿತು, ಮಾತು ಯಾವಾಗ ಬಂತು, ಮನೆಯಲ್ಲಿ ಯಾರಿದ್ದಾರೆ, ಈಚೆಗೆ ಯಾರು ತೀರಿಕೊಂಡರು, ಮನೆ ಬದಲಾಯಿತೇ. ಶಾಲೆಯ ವರದಿ ಪುಸ್ತಕ ತನ್ನಿ.

ಹೋದಾಗಲೆಲ್ಲ ಆಟ ಆಡಿಸಿ ಕಳಿಸುತ್ತಾರೆ. ಇದಕ್ಕೆ ಹಣವೇಕೆ?

ಏಳು ವರ್ಷದ ಮಗುವನ್ನು ಕುರ್ಚಿಯಲ್ಲಿ ಕೂರಿಸಿ 'ನಿನಗೆ ಏನನ್ನಿಸುತ್ತಿದೆ?' ಎಂದರೆ 'ಏನಿಲ್ಲ' ಎನ್ನುತ್ತದೆ. ಅದೇ ಮಗು ಗೊಂಬೆಮನೆಯಲ್ಲಿ ಅಪ್ಪನ ಗೊಂಬೆಯನ್ನು ಮಂಚದ ಕೆಳಗೆ ಬಚ್ಚಿಡುತ್ತದೆ, ತಮ್ಮನ ಗೊಂಬೆಯನ್ನು ಕಸದ ಬುಟ್ಟಿಗೆ ಹಾಕುತ್ತದೆ. ಅದರಿಂದ ಕೂಡಲೇ ತೀರ್ಮಾನಕ್ಕೆ ಬರುವುದಿಲ್ಲ. ಒಂದೇ ಆಟ ಮತ್ತೆಮತ್ತೆ ಬರುತ್ತದೆಯೇ, ವಾರಗಳು ಕಳೆದಂತೆ ಬದಲಾಗುತ್ತದೆಯೇ ಎಂದು ಗಮನಿಸುತ್ತೇವೆ. ಸೋಲುವುದು, ಸರದಿ ಕಾಯುವುದು, ಸಿಟ್ಟು ಬಂದಾಗ ಎಸೆಯದೆ ಹೇಳುವುದು ಎಲ್ಲವನ್ನೂ ಆಟದಲ್ಲೇ ಅಭ್ಯಾಸ ಮಾಡಿಸುತ್ತೇವೆ. ಹತ್ತು ಹನ್ನೊಂದು ದಾಟಿದವರ ಜತೆ ಮಾತು ಹೆಚ್ಚು. ಆತಂಕವಿರುವವರಿಗೆ ಕೆಟ್ಟ ಯೋಚನೆಯನ್ನು ಹಿಡಿದು ಪ್ರಶ್ನಿಸುವುದು, ಹೆದರಿದ್ದನ್ನು ಸಣ್ಣ ಮೆಟ್ಟಿಲುಗಳಲ್ಲಿ ಎದುರಿಸುವುದು ಕಲಿಸುತ್ತೇವೆ. ಅರಿವು-ವರ್ತನಾ ಚಿಕಿತ್ಸೆ ಎಂಬುದು ಇದೇ. ಮನೆಗೆಲಸವನ್ನೂ ಕೊಡುತ್ತೇವೆ. ಮಾಡದೆ ಬರುವವರು ಮಕ್ಕಳಿಗಿಂತ ತಂದೆತಾಯಿಯೇ ಹೆಚ್ಚು.

ಒಳಗೆ ಏನು ಹೇಳಿದಳು ಎಂದು ನಮಗೇಕೆ ಹೇಳುವುದಿಲ್ಲ? ನಾವು ಹೆತ್ತವರಲ್ಲವೇ?

ಯಾವ ದಿಕ್ಕಿನಲ್ಲಿ ಕೆಲಸ ಸಾಗುತ್ತಿದೆ, ನೀವು ಏನು ಮಾಡಬೇಕು ಎಂಬುದನ್ನು ಹೇಳುತ್ತೇವೆ. ಅವಳು ಆಡಿದ ಮಾತುಗಳನ್ನು ಅವಳ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಹೇಳುವುದಿಲ್ಲ. ಒಂದು ಸಲ ಮನೆಗೆ ತಲುಪಿದರೆ ಎರಡನೇ ಸಲ ಅವಳು ಬಾಯಿ ಬಿಡುವುದಿಲ್ಲ. ಈ ಗುಟ್ಟಿಗೂ ಮಿತಿ ಇದೆ, ಅದನ್ನು ಮೊದಲ ದಿನವೇ ಮಗುವಿಗೂ ಹೇಳುತ್ತೇವೆ: ಪ್ರಾಣಾಪಾಯ ಇದ್ದರೆ, ಯಾರಾದರೂ ಹಿಂಸೆ ಕೊಡುತ್ತಿದ್ದರೆ ಸುಮ್ಮನಿರುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. 'ಮನೆಯ ಮಾವನೇ, ಬಿಡಿ, ನಾವು ನೋಡಿಕೊಳ್ಳುತ್ತೇವೆ' ಎಂಬುದಕ್ಕೆ ಅಲ್ಲಿ ಅವಕಾಶವಿಲ್ಲ. ಇಂಥ ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ತೊಂದರೆ ಮಗುವಿಗೆ. ನಮ್ಮನ್ನೇಕೆ ಕೂರಿಸುತ್ತೀರಿ?

ಅತಿ ಹೆಚ್ಚು ಬಾರಿ ಕೇಳಿಬರುವ ಪ್ರಶ್ನೆ ಇದೇ. ಮಗು ನಮ್ಮ ಜತೆ ಇರುವುದು ವಾರಕ್ಕೆ ಒಂದು ಗಂಟೆ. ಉಳಿದ ಗಂಟೆಗಳೆಲ್ಲ ನಿಮ್ಮ ಮನೆಯವು. ಅಲ್ಲಿ ಏನೂ ಬದಲಾಗದೆ ಮಗುವೊಂದೇ ಬದಲಾಗಬೇಕು ಎಂದರೆ ಅದಕ್ಕೆ ಹೊರಲಾರದ ಹೊರೆ. ಚಿಕ್ಕ ಮಕ್ಕಳ ಹಟ, ಸಿಟ್ಟು, ಮಾತು ಕೇಳದಿರುವಿಕೆಗಳಿಗೆ ತಂದೆತಾಯಿಗೆ ಕೊಡುವ ತರಬೇತಿಯೇ ಮೊದಲ ಚಿಕಿತ್ಸೆ. ಎಷ್ಟೋ ವೇಳೆ ಮಗುವನ್ನು ನಾವು ಹೆಚ್ಚಾಗಿ ನೋಡುವುದೂ ಇಲ್ಲ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ ಹೋಟೆಲ್ ಲೈನಿನವರು, ರಾತ್ರಿ ಒಂದಕ್ಕೆ ಬರುತ್ತಾರೆ, ಮಗ ಶಾಲೆಗೆ ಹೊರಡುವಾಗ ಮಲಗಿರುತ್ತಾರೆ. ಅಮ್ಮ ಬೆಳಗಿನ ಲೋಕಲ್ ಹಿಡಿಯುತ್ತಾರೆ. ಅಜ್ಜಿ ಮೊಮ್ಮಗನ ಪರ: ಅಮ್ಮ ಬೇಡ ಎಂದದ್ದಕ್ಕೆ ಅಜ್ಜಿ ಗುಟ್ಟಾಗಿ ಹೂಂ ಎನ್ನುತ್ತಾರೆ. ಅಪ್ಪ ಮನೆಯಲ್ಲಿರುವ ಒಂದೇ ದಿನ ಇಡೀ ವಾರದ ದೂರುಗಳನ್ನು ಅವರ ಮುಂದೆ ಸುರಿಯಲಾಗುತ್ತದೆ, ಅವರು ಬೈಯುತ್ತಾರೆ. ಮಗನಿಗೆ ಅಪ್ಪ ಎಂದರೆ ವಾರಕ್ಕೊಮ್ಮೆ ಬರುವ ಬೈಗುಳ. ಇಲ್ಲಿ ಕೆಟ್ಟವರು ಯಾರೂ ಇಲ್ಲ, ಆದರೂ ಹುಡುಗ ಶಾಲೆಯಲ್ಲಿ ಯಾರನ್ನೋ ಹೊಡೆದು ಬಂದಿದ್ದಾನೆ. ನಾಲ್ವರನ್ನೂ ಒಟ್ಟಿಗೆ ಕೂರಿಸಿದಾಗ ಮಾತ್ರ ಈ ಸುತ್ತು ಕಾಣುತ್ತದೆ. ಅಪ್ಪನಿಗೆ ನಾವು ಹೇಳುವುದು ಇಷ್ಟೇ ಇರಬಹುದು: ರಜೆಯ ದಿನದ ಮೊದಲ ಒಂದು ಗಂಟೆ ದೂರು ಕೇಳಬೇಡಿ, ಮಗನ ಜತೆ ತಿಂಡಿಗೆ ಹೋಗಿ ಬನ್ನಿ. ಅಮ್ಮ, ಅಜ್ಜಿ ಇಬ್ಬರೂ ಒಪ್ಪುವ ಎರಡೇ ಎರಡು ನಿಯಮ ಸಾಕು. ಇಪ್ಪತ್ತು ಮಾಡಿದರೆ ಒಂದೂ ನಿಲ್ಲುವುದಿಲ್ಲ.

ಅಪ್ಪಂದಿರು ಬರುವುದೇ ಇಲ್ಲ ಎಂಬುದು ಸಾಮಾನ್ಯ ದೂರು. ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ಐದು ಬಿಡುವಿನ ಹೊತ್ತು. ಆ ಹೊತ್ತು ಕೇಳಿ ನೋಡಿ; ಬರುತ್ತಾರೆ.

ಥೆರಪಿ ಯಾವ ಭಾಷೆಯಲ್ಲಿ ನಡೆಯಬೇಕು? ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಟಕ್ಕೆ ಹಿಂದಿ, ಮರಾಠಿ.

ಮಗುವಿಗೆ ಯಾವುದು ಸುಲಭವೋ ಅದರಲ್ಲಿ, ಬೆರೆಸಿದರೂ ಅಡ್ಡಿಯಿಲ್ಲ. ಶಾಲೆಯ ಜಗಳವನ್ನು ಹಿಂದಿಯಲ್ಲಿ ಹೇಳಿ, ಅಜ್ಜನ ಸಾವನ್ನು ತುಳುವಿನಲ್ಲಿ ಹೇಳುವ ಮಕ್ಕಳಿದ್ದಾರೆ. ತೊಡಕು ಬರುವುದು ಹಿರಿಯರ ವಿಷಯದಲ್ಲಿ. ಆಪ್ತಸಲಹೆಗಾರರಿಗೆ ಕನ್ನಡ ಬರುವುದಿಲ್ಲ, ಅಜ್ಜಿಗೆ ಹಿಂದಿ ಬರುವುದಿಲ್ಲ, ಆಗ ಹನ್ನೆರಡರ ಹುಡುಗಿಯೇ ದುಭಾಷಿಯಾಗುತ್ತಾಳೆ. ದಯವಿಟ್ಟು ಹಾಗೆ ಮಾಡಬೇಡಿ. ತನ್ನ ಮೇಲಿನ ದೂರನ್ನು ತಾನೇ ಅನುವಾದಿಸಬೇಕಾದ ಮಗುವಿನ ಪಾಡು ಯಾರಿಗೂ ಬೇಡ. ಕನ್ನಡ ಬಲ್ಲವರು ಸಿಗದಿದ್ದರೆ ನಂಬಿಕೆಯ ಬೇರೆ ಹಿರಿಯರನ್ನು ಕರೆತನ್ನಿ, ಅಥವಾ ಹಿರಿಯರ ಭೇಟಿಯೊಂದನ್ನು ಬೆಂಗಳೂರು, ಮಂಗಳೂರಿನ ಯಾರೊಂದಿಗಾದರೂ ವಿಡಿಯೊ ಕರೆಯಲ್ಲಿ ಮಾಡಿಸಿಕೊಳ್ಳಿ.

ಹಲವು ಭಾಷೆ ಕೇಳಿ ಮಾತು ತಡವಾಯಿತು, ಆದ್ದರಿಂದ ಮನೆಯ ಭಾಷೆ ಬಿಟ್ಟುಬಿಡಿ ಎಂಬ ಸಲಹೆಯನ್ನು ಈ ನಗರದಲ್ಲಿ ಇನ್ನೂ ಕೊಡುವವರಿದ್ದಾರೆ. ಅದಕ್ಕೆ ಆಧಾರವಿಲ್ಲ. ಎರಡು ಮೂರು ಭಾಷೆ ಮಾತಿನ ತೊಂದರೆಯನ್ನು ಉಂಟುಮಾಡುವುದಿಲ್ಲ. ಎರಡು ವರ್ಷವಾದರೂ ಎರಡು ಪದ ಜೋಡಿಸದ, ಹೆಸರು ಕರೆದರೆ ತಿರುಗದ, ಬೆರಳು ತೋರಿಸದ ಮಗುವಿನ ಕಿವಿಯನ್ನೂ ಬೆಳವಣಿಗೆಯನ್ನೂ ಕೂಡಲೇ ಪರೀಕ್ಷಿಸಿ. ಮನೆಯ ಭಾಷೆ ಬಿಡಿಸಿದರೆ ಅಜ್ಜಿಯನ್ನು ಮೂಕಿಯಾಗಿಸಿದಂತೆ, ಅಷ್ಟೇ.

ಮಾತ್ರೆ ಕೊಟ್ಟರೆ ಅಭ್ಯಾಸವಾಗಿಬಿಡುತ್ತದಲ್ಲ?

ಬಹುಪಾಲು ಮಕ್ಕಳಿಗೆ ಮಾತ್ರೆ ಬೇಕಾಗುವುದೇ ಇಲ್ಲ. ತೀವ್ರ ಖಿನ್ನತೆ, ಗೀಳು ರೋಗ, ದಿನಚರಿಯನ್ನೇ ಕೆಡಿಸುವ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ) ಇದ್ದಾಗ ಮನೋವೈದ್ಯರು ಬರೆಯುತ್ತಾರೆ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಕೆಲವು ಹದಿಹರೆಯದವರಿಗೆ ಚಡಪಡಿಕೆ, ಸಾವಿನ ಯೋಚನೆ ಹೆಚ್ಚಾಗಬಹುದು ಎಂಬ ಕಾರಣಕ್ಕೆ ಹತ್ತಿರದಿಂದ ಗಮನಿಸಬೇಕು, ವೈದ್ಯರನ್ನು ಬೇಗ ಬೇಗ ಕಾಣಬೇಕು. ಪಕ್ಕದ ಮನೆಯವರು ಹೇಳಿದರೆಂದು ನಡುವೆ ನಿಲ್ಲಿಸಬೇಡಿ.

ಓದಲು ಕುಳಿತರೆ ಅಕ್ಷರ ತಪ್ಪುತ್ತಾನೆ. ಸೋಮಾರಿತನವೇ, ಬೇರೇನಾದರೂ ಇದೆಯೇ?

ಮಾತಿನಲ್ಲಿ ಚುರುಕಾಗಿದ್ದು ಬರೆಯಲು, ಓದಲು, ಲೆಕ್ಕಕ್ಕೆ ಮಾತ್ರ ಒದ್ದಾಡುವ ಮಗುವಿಗೆ ನಿರ್ದಿಷ್ಟ ಕಲಿಕಾ ತೊಂದರೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನೂ, ಆಟಿಸಂ ಅನ್ನೂ ಅಂಗವೈಕಲ್ಯದ ತನ್ನ 21 ಬಗೆಗಳಲ್ಲಿ ಸೇರಿಸಿದೆ. ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರಕ್ಕೆ ಪರೀಕ್ಷಿಸುತ್ತಾರೆ. ಮುಂಬಯಿಯಲ್ಲಿ ಸಯನ್ ಆಸ್ಪತ್ರೆಯ ಕಲಿಕಾ ತೊಂದರೆ ವಿಭಾಗ ಹಳೆಯದು, ಹೆಸರಾದದ್ದು. ಸರದಿ ಉದ್ದವಿರುತ್ತದೆ, ಹತ್ತನೆಯ ತರಗತಿಯ ಡಿಸೆಂಬರ್‌ನಲ್ಲಿ ಓಡಿದರೆ ಆಗದು. ಪ್ರಮಾಣಪತ್ರವಿದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರು ಮುಂತಾದ ರಿಯಾಯಿತಿಗಳಿವೆ. ಶೇಕಡಾವಾರು ಅಂಕಕ್ಕಿಂತ, ತಾನು ದಡ್ಡನಲ್ಲ ಎಂದು ಹುಡುಗನಿಗೆ ತಿಳಿಯುವುದೇ ದೊಡ್ಡ ಲಾಭ ಎಂಬುದು ನನ್ನ ಅನುಭವ.

ಎಡಿಎಚ್‌ಡಿ ಬೇರೆ ಸಂಗತಿ. ಅದರ ಲಕ್ಷಣಗಳು ಹನ್ನೆರಡಕ್ಕೆ ಮೊದಲೇ ಇರಬೇಕು, ಮನೆಯಲ್ಲೂ ಶಾಲೆಯಲ್ಲೂ ಕಾಣಬೇಕು. ಟ್ಯೂಷನ್ನಿನಲ್ಲಿ ಮಾತ್ರ ಚಡಪಡಿಸುವ ಹುಡುಗನಿಗೆ ಟ್ಯೂಷನ್ ಬೇಸರವಾಗಿರಬಹುದು.

ಊರಲ್ಲಿ ದೈವ ಮೈಮೇಲೆ ಬರುವ ದರ್ಶನದಲ್ಲಿ ಕೇಳಿಸಿದೆವು, ಜಾತಕವನ್ನೂ ತೋರಿಸಿದೆವು. ಅದರ ಜತೆಗೆ ಇದನ್ನೂ ಮಾಡಬಹುದೇ?

ಮಾಡಬಹುದು. ದೈವದ ಮುಂದೆ ಕೈಮುಗಿದು ಮನೆಯವರೆಲ್ಲ ಒಂದಾಗಿ ನಿಲ್ಲುವುದರಿಂದ ಮಗುವಿಗೆ ಧೈರ್ಯ ಬರುವುದಾದರೆ ನಾನು ಏಕೆ ಬೇಡ ಎನ್ನಲಿ? ಮೂರು ಷರತ್ತು: ಮಗುವಿಗೆ ಹೊಡೆತ, ಬರೆ, ಉಪವಾಸ ಇರಬಾರದು, ಮಾತ್ರೆ ನಿಲ್ಲಿಸಿ ಎಂಬ ಅಪ್ಪಣೆ ಇರಬಾರದು, 'ಇವಳ ಕಾಲ್ಗುಣದಿಂದ ಹೀಗಾಯಿತು' ಎಂದು ಯಾರ ತಲೆಗೂ ಕಟ್ಟಬಾರದು.

ನಮ್ಮದು ಒಂದೇ ಕೋಣೆಯ ಮನೆ. ಆನ್‌ಲೈನ್ ಭೇಟಿಯಲ್ಲಿ ಎಲ್ಲ ಕೇಳಿಸುತ್ತದೆ.

ಈ ನಗರದ ನಿಜವಾದ ಅಡಚಣೆ ಇದು. ಇಯರ್‌ಫೋನ್ ಹಾಕಿದರೂ ಮಗುವಿನ ಮಾತು ಎಲ್ಲರಿಗೂ ಕೇಳಿಸುತ್ತದೆ. ಕೆಲವರು ಆ ಹೊತ್ತಿಗೆ ಮನೆಯವರೆಲ್ಲ ಮಾರುಕಟ್ಟೆಗೆ ಹೋಗುವಂತೆ ಮಾಡಿಕೊಳ್ಳುತ್ತಾರೆ, ಕೆಲವು ಹುಡುಗರು ಕಟ್ಟಡದ ಗಚ್ಚಿಗೆ ಹೋಗುತ್ತಾರೆ. ಉತ್ತರಗಳನ್ನು ಟೈಪ್ ಮಾಡುವುದೂ ಉಂಟು. ಸಾಧ್ಯವಿದ್ದರೆ ಎದುರುಬದುರು ಭೇಟಿಯೇ ಮೇಲು. ಚಿಕ್ಕ ಮಕ್ಕಳಿಗೆ ಅದೇ ಬೇಕು.

ಖರ್ಚು ಎಷ್ಟು? ನಮ್ಮಿಂದ ಆಗದಿದ್ದರೆ?

ಖಾಸಗಿಯಲ್ಲಿ ಒಂದು ಭೇಟಿಗೆ ಸಾವಿರದಿಂದ ಎರಡು ಮೂರು ಸಾವಿರ ಕೇಳುವವರಿದ್ದಾರೆ. ಕಡಿಮೆ ದರದ ಕೆಲವು ಸ್ಥಾನಗಳನ್ನು ಹಲವರು ತೆಗೆದಿಟ್ಟಿರುತ್ತಾರೆ, ನಾಚದೆ ಕೇಳಿ. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಯನ್, ವಿಲೇಪಾರ್ಲೆಯ ಕೂಪರ್‌ ಪಾಲಿಕೆಯ ಆಸ್ಪತ್ರೆಗಳು. ಇಲ್ಲಿ ಮನೋವೈದ್ಯ ವಿಭಾಗಗಳಿವೆ. ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಚೀಟಿ) ಮಾಡಿಸಲು ಬೆಳಗ್ಗೆ ಬೇಗ ಹೋಗಬೇಕು, ಗದ್ದಲ ಇರುತ್ತದೆ, ವೈದ್ಯರು ಬದಲಾಗುತ್ತಿರುತ್ತಾರೆ. ಆದರೂ ಅಲ್ಲಿನ ತಪಾಸಣೆ ಚೆನ್ನಾಗಿಯೇ ಇರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೇಹದ ಕಾಯಿಲೆಯಂತೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎನ್ನುತ್ತದೆ. ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಹಣ ಕೊಡುವುದರಿಂದ ವಾರದ ಭೇಟಿಗಳಿಗೆ ಅದು ಒದಗುವುದು ಕಡಿಮೆ.

ಮಗಳು 'ನಾನು ಸತ್ತರೆ ಚೆನ್ನಾಗಿತ್ತು' ಎಂದಳು. ಕೇಳಿದರೆ ತಲೆಯಲ್ಲಿ ಇನ್ನಷ್ಟು ತುಂಬಿದಂತಾಗುತ್ತದೆಯೇ?

ಇಲ್ಲ, ಕೇಳಿ. ನೇರವಾಗಿ, ಬೈಯದೆ: 'ಸಾಯಬೇಕು ಅನ್ನಿಸುತ್ತಿದೆಯೇ? ಹೇಗೆ ಎಂದು ಯೋಚಿಸಿದ್ದೀಯಾ?' ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಒಂಟಿತನ ಕಡಿಮೆಯಾಗುತ್ತದೆ. 'ನಿನಗಾಗಿ ಇಷ್ಟೆಲ್ಲ ಮಾಡಿದೆವು' ಎಂಬ ಮಾತು ಆಗ ಬೇಡ. ಯೋಚನೆ ಗಟ್ಟಿಯಾಗಿದೆ ಎಂದು ತೋರಿದರೆ ಒಬ್ಬಳನ್ನೇ ಬಿಡಬೇಡಿ, ಮನೆಯ ಮಾತ್ರೆಗಳು, ಇಲಿಪಾಷಾಣ, ಫಿನೈಲ್ ಎಲ್ಲವನ್ನೂ ಬೀಗದೊಳಗಿಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. 14416 ಹಗಲು ರಾತ್ರಿ ಇದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಕೈ ಕುಯ್ದುಕೊಂಡದ್ದು ಕಂಡರೂ ಹೀಗೆಯೇ. ಅದು ಗಮನ ಸೆಳೆಯುವ ಆಟ ಎಂದು ತಳ್ಳಿಹಾಕಬೇಡಿ. ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಚಿಕಿತ್ಸೆ ತಡಮಾಡುವವರು ಇನ್ನೂ ಇದ್ದಾರೆ. 2017ರ ಕಾಯ್ದೆಯ 115ನೇ ಕಲಮು ಸಾಯಲು ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಪರಿಗಣಿಸುತ್ತದೆ, ಹಾಗಾಗಿ ಸಾಮಾನ್ಯವಾಗಿ ಅವರನ್ನು ಶಿಕ್ಷಿಸುವಂತಿಲ್ಲ.

ನಾವಿಬ್ಬರೂ ಬೇರೆಯಾಗುತ್ತಿದ್ದೇವೆ. ಮಗುವಿಗೆ ಯಾವಾಗ ಹೇಳಬೇಕು?

ಮಗುವಿಗೆ ಆಗಲೇ ಗೊತ್ತಿದೆ. ಗೊತ್ತಿಲ್ಲದಿರುವುದು ಎರಡು: ತಾನು ಎಲ್ಲಿ ಮಲಗುತ್ತೇನೆ, ಇದು ತನ್ನ ತಪ್ಪೇ. ತೀರ್ಮಾನವಾದ ಮೇಲೆ ಇಬ್ಬರೂ ಒಟ್ಟಿಗೆ ಕುಳಿತು ಇವೆರಡನ್ನು ಹೇಳಿ. ಮುಂಬಯಿಯ ಕುಟುಂಬ ನ್ಯಾಯಾಲಯದಲ್ಲಿ ವಿವಾಹ ಆಪ್ತಸಲಹೆಗಾರರು ಇರುತ್ತಾರೆ, ಮಗುವಿನ ಭೇಟಿಯ ಏರ್ಪಾಟಿನಲ್ಲಿ ಅವರ ನೆರವು ಸಿಗುತ್ತದೆ. ಅಪ್ಪನ ಸುದ್ದಿಯನ್ನು ಅಮ್ಮನಿಗೆ, ಅಮ್ಮನ ಸುದ್ದಿಯನ್ನು ಅಪ್ಪನಿಗೆ ತರುವ ಕೆಲಸ ಮಗುವಿಗೆ ಬೇಡ.

ಎಷ್ಟು ತಿಂಗಳು ಬರಬೇಕು? ಮೇ ತಿಂಗಳು ಊರಿಗೆ ಹೋಗುತ್ತೇವೆ.

ಒಂದೇ ಭಯಕ್ಕೆ ಎಂಟು ಹತ್ತು ಭೇಟಿ ಸಾಕಾಗಬಹುದು. ಆಟಿಸಂ, ದೀರ್ಘ ಖಿನ್ನತೆ, ಹಿಂಸೆ ಕಂಡ ಮಕ್ಕಳಿಗೆ ಹೆಚ್ಚು ಕಾಲ ಬೇಕು. ಏನಾಗಿದ್ದರೆ ನಿಲ್ಲಿಸಬಹುದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಒಳ್ಳೆಯದಾದ ಮರುವಾರವೇ ಹೇಳದೆ ಕೇಳದೆ ಬಿಡುವುದು ಬೇಡ, ಕೊನೆಯ ಒಂದೆರಡು ಭೇಟಿ ವಿದಾಯಕ್ಕೆಂದೇ ಇರಲಿ.

ಊರಿಗೆ ಖಂಡಿತ ಹೋಗಿ. ಹೊರಡುವ ಮೊದಲು ಒಂದು ಭೇಟಿ ಮುಗಿಸಿ, ಮಾತ್ರೆ ಇದ್ದರೆ ರಜೆಯಷ್ಟು ದಿನಕ್ಕೂ ಚೀಟಿ ಸಮೇತ ಕೊಂಡು ಹೋಗಿ. ಮನೋವೈದ್ಯರ ಕೆಲವು ಔಷಧಗಳು ಹಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಮದುವೆ ಮನೆಯಲ್ಲಿ ನೆಂಟರ ಮುಂದೆ ಮಗುವಿನ ತೊಂದರೆಯ ಕಥೆ ಹೇಳಬೇಡಿ. ಯಾರಾದರೂ ಕೇಳಿದರೆ ಏನು ಉತ್ತರಿಸಬೇಕೆಂದು ಮಗುವನ್ನೇ ಕೇಳಿ, ರೈಲು ಹತ್ತುವ ಮೊದಲೇ ನಿರ್ಧರಿಸಿಕೊಳ್ಳಿ.